ಇಖಾಮ ಮುಗಿದ ಮೇಲೆ ಮುಂದೇನು?

ಜುಮಾ ನಮಾಝ್ ಮುಗಿದ ಬಳಿಕ ನಮ್ಮ ಮುಂದೆ ಬರುವ ಪ್ರಶ್ನೆಗಳಲ್ಲಿ ನಿಕಾಹ್, ಝಕಾತ್, ಆಸ್ತಿ ಪಾಲಿನ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. "ಉಸ್ತಾದರೇ, ಸೌದಿಯಲ್ಲಿರುವ ಮಗನ ಇಖಾಮ ಮುಗಿದು ನಾಲ್ಕು ತಿಂಗಳಾಯಿತು, ಕಫೀಲ್ ಫೋನ್ ಎತ್ತುತ್ತಿಲ್ಲ, ದುಆ ಮಾಡಿ." ದುಆ ಖಂಡಿತ ಮಾಡುತ್ತೇವೆ. ಆದರೆ ಹೀಗೆ ಕೇಳುವ ತಂದೆಗೆ ಅಲ್ಲಿನ ಕಾನೂನಿನಲ್ಲಿ ಮಗನಿಗೆ ಯಾವ ಯಾವ ದಾರಿ ತೆರೆದಿದೆ ಎಂಬುದೂ ಗೊತ್ತಿರಬೇಕು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಅಷ್ಟೊಂದು ಮಂದಿ ಗಲ್ಫಿನಲ್ಲಿದ್ದಾರೆ. ಆದರೂ ಈ ವಿಷಯದಲ್ಲಿ ನಾವು ನಂಬುವುದು ಏಜೆಂಟನ ಮಾತನ್ನು ಮತ್ತು ವಾಟ್ಸ್ಆ್ಯಪ್ಪಿನಲ್ಲಿ ಬರುವ ಧ್ವನಿ ಸಂದೇಶವನ್ನು.

ಸೌದಿಯಲ್ಲಿ ಕೆಲಸಗಾರನ ಬಳಿ ಎರಡು ಅನುಮತಿಗಳಿರುತ್ತವೆ. ಒಂದು ಕೆಲಸದ ಪರವಾನಗಿ, ಇನ್ನೊಂದು ವಾಸದ ಪರವಾನಗಿಯಾದ ಇಖಾಮ. ಮೊದಲನೆಯದರ ಶುಲ್ಕ ಕಟ್ಟದೆ ಎರಡನೆಯದು ನವೀಕರಣವಾಗುವುದಿಲ್ಲ. ಕೈಯಲ್ಲಿರುವ ಕಾರ್ಡು ಐದು ವರ್ಷದ್ದು, ಆದರೆ ಇಖಾಮದ ನವೀಕರಣ ನಡೆಯುವುದು ಅವಧಿಗೊಮ್ಮೆ ಕಂಪ್ಯೂಟರಿನಲ್ಲಿ. ಹಾಗಾಗಿ ಜೇಬಿನಲ್ಲಿ ಕಾರ್ಡು ಇದ್ದ ಮಾತ್ರಕ್ಕೆ ಇಖಾಮ ಇದೆ ಎಂದುಕೊಳ್ಳುವಂತಿಲ್ಲ. ಅಬ್ಶಿರ್ ಆ್ಯಪಿನಲ್ಲಿ ತಾರೀಕು ನೋಡಬೇಕು. ಎಷ್ಟೋ ಮಂದಿಗೆ ಇಖಾಮ ಮುಗಿದದ್ದು ತಿಳಿಯುವುದೇ ಬ್ಯಾಂಕ್ ಖಾತೆ ನಿಂತಾಗ.

ಕಫೀಲ್ ಯಾಕೆ ನವೀಕರಿಸುವುದಿಲ್ಲ? ದುಡ್ಡಿನ ಕಾರಣಕ್ಕೆ. 2020ರಿಂದ ಒಬ್ಬ ವಿದೇಶಿ ಕೆಲಸಗಾರನ ಮೇಲೆ ಸಾಮಾನ್ಯವಾಗಿ ತಿಂಗಳಿಗೆ 700 ಅಥವಾ 800 ರಿಯಾಲ್ ತೆರಿಗೆ ಇದೆ. ಅಂದರೆ ವರ್ಷಕ್ಕೆ 9600 ರಿಯಾಲಿನವರೆಗೆ. ಅದರ ಮೇಲೆ ಇಖಾಮ ಶುಲ್ಕ 650, ಆರೋಗ್ಯ ವಿಮೆ ಬೇರೆ. ಸಣ್ಣ ಅಂಗಡಿಯವನು ಇದನ್ನು ಕೆಲಸಗಾರನ ತಲೆಗೆ ಕಟ್ಟಲು ನೋಡುತ್ತಾನೆ. ಆದರೆ ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ಇಖಾಮ ಮತ್ತು ಕೆಲಸದ ಪರವಾನಗಿಯ ಶುಲ್ಕ, ತಡವಾದರೆ ಅದರ ದಂಡ, ಎಲ್ಲವೂ ಮಾಲಿಕನದೇ ಹೊಣೆ. ತಡವಾದ ದಂಡ ಮೊದಲ ಸಲ 500 ರಿಯಾಲ್, ಎರಡನೇ ಸಲ 1000, ಮೂರನೇ ಸಲ ಗಡೀಪಾರು. ಗಡೀಪಾರಾಗುವವನು ಮಾತ್ರ ಕಫೀಲನಲ್ಲ, ನಮ್ಮ ಹುಡುಗ.

ಇಲ್ಲಿ "ಆಝಾದ್ ವೀಸಾ"ದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಝಾದ್ ವೀಸಾ, ಫ್ರೀ ವೀಸಾ ಎಂಬ ಯಾವ ವೀಸಾವೂ ಸೌದಿ ಕಾನೂನಿನಲ್ಲಿ ಇಲ್ಲ. ಹೆಸರಿಗೆ ಒಬ್ಬ ಕಫೀಲ್, ಕೆಲಸ ಮಾಡುವುದು ಸಿಕ್ಕಲ್ಲಿ, ಕಫೀಲನಿಗೆ ವರ್ಷಕ್ಕಿಷ್ಟು ಎಂದು ಕೊಡುವುದು, ಇಷ್ಟೇ ಅದರ ಕಥೆ. ಮಾಲಿಕನಲ್ಲದವರ ಬಳಿ ಹೀಗೆ ಕೆಲಸ ಮಾಡುವುದು ಕಾನೂನಿನ ಉಲ್ಲಂಘನೆ. ಇಂಥ ಹುಡುಗನ ಇಖಾಮ ಮುಗಿದಾಗ ಕಫೀಲ್ ಕೇಳಿದಷ್ಟು ಕೊಡಬೇಕು, ಇಲ್ಲವೇ ಸುಮ್ಮನಿರಬೇಕು. ದೂರು ಕೊಡಲು ಹೋದರೆ ತನ್ನ ತಪ್ಪೂ ಹೊರಬೀಳುತ್ತದೆ. ಒಡವೆ ಅಡವಿಟ್ಟು ಆಝಾದ್ ವೀಸಾ ಕೊಳ್ಳುವ ಮನೆಯವರಿಗೆ ಇದನ್ನು ಮೊದಲೇ ಹೇಳುವವರು ಯಾರೂ ಇರುವುದಿಲ್ಲ. ವೀಸಾ ಮಾರುವವನಂತೂ ಹೇಳುವುದಿಲ್ಲ.

ಇನ್ನು ದಾರಿಗಳು. ಮಾಲಿಕನಿಂದಲೇ ನವೀಕರಣ ಮಾಡಿಸುವುದು ಮೊದಲನೆಯದು. ಅದಕ್ಕಾಗಿ ಅವಧಿ ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಮೆಸೇಜಿನಲ್ಲಿ ಕೇಳಿ ಅದನ್ನು ಉಳಿಸಿಕೊಳ್ಳಬೇಕು.

ಎರಡನೆಯದು ಬೇರೆ ಮಾಲಿಕನ ಹೆಸರಿಗೆ ಬದಲಾಗುವುದು, ನಮ್ಮವರು ನಕಲ್ ಕಫಾಲ ಎನ್ನುವುದು. ಮೊದಲೆಲ್ಲ ಹಳೆಯ ಕಫೀಲ್ ಒಪ್ಪದೆ ಇದು ಬಹಳ ಕಷ್ಟವಿತ್ತು. 2021ರ ಮಾರ್ಚ್ 14ರಿಂದ ನಿಯಮ ಬದಲಾಗಿದೆ. ಕೆಲಸದ ಪರವಾನಗಿ ಅಥವಾ ಇಖಾಮ ಮುಗಿದಿದ್ದರೆ, ಸತತ ಮೂರು ತಿಂಗಳು ಸಂಬಳ ಬರದಿದ್ದರೆ, ದೇಶಕ್ಕೆ ಬಂದು ಮೂರು ತಿಂಗಳಾದರೂ ಕರಾರನ್ನು ದಾಖಲಿಸದಿದ್ದರೆ, ಹಳೆಯ ಮಾಲಿಕನ ಒಪ್ಪಿಗೆ ಇಲ್ಲದೆಯೇ ಬದಲಾಗಬಹುದು. ಹೊಸ ಮಾಲಿಕ ಕಿವಾ ಎಂಬ ಸರಕಾರಿ ಜಾಲತಾಣದಲ್ಲಿ ಕೋರಿಕೆ ಹಾಕುತ್ತಾನೆ, ಕೆಲಸಗಾರ ಅಲ್ಲೇ ಒಪ್ಪಿಗೆ ಕೊಡುತ್ತಾನೆ. ಇಖಾಮ ಮುಗಿದದ್ದೇ ಬಿಡುಗಡೆಯ ಬಾಗಿಲಾಗುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಕಫೀಲನಿಗೆ "ಬಿಡುಗಡೆ ಹಣ" ಕೊಟ್ಟವರಿದ್ದಾರೆ. ಹೌಸ್ ಡ್ರೈವರ್, ಮನೆಗೆಲಸದವರು, ತೋಟ ಮತ್ತು ಕುರಿ ಕಾಯುವವರು ಈ 2021ರ ನಿಯಮದೊಳಗೆ ಬರುವುದಿಲ್ಲ. ಮನೆಗೆಲಸದವರ ವ್ಯವಹಾರ ಮುಸಾನದ್ ಎಂಬ ಬೇರೆ ಜಾಲತಾಣದಲ್ಲಿ ನಡೆಯುತ್ತದೆ.

ಮೂರನೆಯದು ಫೈನಲ್ ಎಕ್ಸಿಟ್, ಲೆಕ್ಕ ಮುಗಿಸಿ ಊರಿಗೆ ಬರುವುದು. ಇಖಾಮ ಮುಗಿದು ಮಾಲಿಕನೂ ಕೈಬಿಟ್ಟಿದ್ದರೆ ರಿಯಾದಿನ ಭಾರತೀಯ ರಾಯಭಾರ ಕಚೇರಿ ಅಥವಾ ಜಿದ್ದಾದ ಕಾನ್ಸುಲೇಟಿನಲ್ಲಿ ಹೆಸರು ನೋಂದಾಯಿಸಬೇಕು. ಅವರು ಅಲ್ಲಿನ ಕಾರ್ಮಿಕ ಇಲಾಖೆಯ ಮೂಲಕ ಎಕ್ಸಿಟ್‌ಗೆ ಪ್ರಯತ್ನಿಸುತ್ತಾರೆ. ಪಾಸ್‌ಪೋರ್ಟ್ ಕೈಯಲ್ಲಿಲ್ಲದಿದ್ದರೆ ಒಂದೇ ಪ್ರಯಾಣಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಿಗುತ್ತದೆ, ನಮ್ಮವರ ಬಾಯಲ್ಲಿ ಔಟ್‌ಪಾಸ್. ಟಿಕೆಟಿಗೂ ಗತಿಯಿಲ್ಲದವರಿಗಾಗಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅರಬಿ ಬೇಡ, ದಲ್ಲಾಳಿಯೂ ಬೇಡ. ಕಾಲೇಜಿಗೆ ಹೋಗುವ ಮಗಳು ಮನೆಯಲ್ಲೇ ಕೂತು ತುಂಬಿಸಬಲ್ಲಳು.

ಇವು ಮೂರನ್ನೂ ಬಿಟ್ಟು ನಾಲ್ಕನೆಯ ದಾರಿ ಹಿಡಿಯುವವರು ಬಹಳ. ಅಡಗಿ ಕೆಲಸ ಮಾಡುವುದು. ಕೆಲಸಕ್ಕೆ ಬರುತ್ತಿಲ್ಲ ಎಂದು ಕಂಪೆನಿ ವರದಿ ಮಾಡಿದರೆ ಬೇರೆಡೆಗೆ ಬದಲಾಗಲು ಅಥವಾ ಎಕ್ಸಿಟ್‌ನಲ್ಲಿ ಹೊರಡಲು 60 ದಿನ ಸಿಗುತ್ತದೆ. ಅದನ್ನೂ ಕಳೆದುಕೊಂಡರೆ ಹುರೂಬ್ ಬೀಳುತ್ತದೆ, ಪರಾರಿಯಾದವನ ಪಟ್ಟಿಗೆ ಸೇರುತ್ತಾನೆ. ಆಮೇಲೆ ಸಿಕ್ಕಿಬಿದ್ದರೆ ತರ್ಹೀಲ್, ಬೆರಳಚ್ಚು, ಗಡೀಪಾರು. ಕಾಯಿಲೆ ಬಿದ್ದರೆ ವಿಮೆಯಿಲ್ಲ. ತಂದೆ ತೀರಿಕೊಂಡರೆ ಜನಾಝಕ್ಕೆ ಬರಲಾಗುವುದಿಲ್ಲ.

ಹುಡುಗ ಅಡಗಿ ಕೂರುವುದರಲ್ಲಿ ನಮ್ಮ ಪಾಲೂ ಇದೆ ಎಂದು ಹೇಳಲೇಬೇಕಾಗಿದೆ. "ತಂಗಿಯ ಮದುವೆ ಮುಗಿಯಲಿ", "ಮನೆಯ ಸ್ಲ್ಯಾಬ್ ಒಂದು ಆಗಲಿ", "ಬರಿಗೈಯಲ್ಲಿ ಬಂದರೆ ಜನ ಏನಂದಾರು" ಎಂದು ಫೋನಿನಲ್ಲಿ ಹೇಳುವವರು ನಾವೇ. ಹೊರಡಲು ಸಿದ್ಧನಾದವನು ಈ ಮಾತು ಕೇಳಿ ಇನ್ನೊಂದು ವರ್ಷ ಉಳಿಯುತ್ತಾನೆ.

ಇದು ಗುನಾಹ್ ಆಗುತ್ತದೆಯೇ ಎಂದೂ ಕೇಳುತ್ತಾರೆ. ವೀಸಾ ಒಂದು ಕರಾರು, ಸೂರಃ ಅಲ್ ಮಾಇದ ತೊಡಗುವುದೇ ಕರಾರು ಪೂರೈಸುವ ಆಜ್ಞೆಯಿಂದ. ಆದರೆ ಮಾಲಿಕ ನವೀಕರಿಸದ ಕಾರಣ ಇಖಾಮ ಕಳೆದುಕೊಂಡವನನ್ನು ತಪ್ಪಿತಸ್ಥನೆನ್ನಲು ನಾವು ಒಪ್ಪುವುದಿಲ್ಲ. ಅಲ್ಲಿ ಕರಾರು ಮುರಿದವನು ಮಾಲಿಕ. ಹೊರಡುವ ಅಥವಾ ಬದಲಾಗುವ ದಾರಿ ಗೊತ್ತಿದ್ದೂ ಬೇಕೆಂದೇ ಅಡಗಿ ಉಳಿದವನ ವಿಷಯ ಬೇರೆ.

ಯುಎಇಯಲ್ಲಿ ಲೆಕ್ಕ ಸ್ವಲ್ಪ ಬೇರೆ. ವೀಸಾ ರದ್ದಾದ ಬಳಿಕ ವೀಸಾದ ವರ್ಗ ನೋಡಿ 180 ದಿನಗಳವರೆಗೆ ಅವಕಾಶ ಸಿಗುವ ವ್ಯವಸ್ಥೆ ಇದೆ. ತನಗೆಷ್ಟು ದಿನ ಎಂಬುದನ್ನು ರದ್ದತಿಯ ವೇಳೆಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಆ ದಿನಗಳೊಳಗೆ ಹೊಸ ಕೆಲಸದ ವೀಸಾ ಆಗಬಹುದು, ಹೆಂಡತಿಗೆ ಅಲ್ಲಿ ಉದ್ಯೋಗವಿದ್ದರೆ ಅವಳ ಪ್ರಾಯೋಜಕತ್ವದಲ್ಲಿ ಉಳಿಯಬಹುದು, ಪದವೀಧರರಲ್ಲಿ ಅರ್ಹರಾದವರಿಗೆ ಕೆಲಸ ಹುಡುಕುವ 60, 90 ಅಥವಾ 120 ದಿನಗಳ ವೀಸಾವೂ ಇದೆ. ವಿಸಿಟ್ ವೀಸಾದಲ್ಲಿದ್ದು ಕೆಲಸ ಹುಡುಕಬಹುದು, ದುಡಿಯುವಂತಿಲ್ಲ. "ಮೊದಲು ಸೇರಿಕೋ, ವೀಸಾ ಆಮೇಲೆ ಮಾಡೋಣ" ಎಂದವನ ಬಳಿ ದುಡಿದು ಸಂಬಳ ಸಿಗದಿದ್ದರೆ ದೂರು ಕೊಡುವುದೂ ಕಷ್ಟ. ದಂಡ ಮನ್ನಾ ಆಗುತ್ತದೆಂದು ಕಾಯುವುದೂ ಬೇಡ. 2024ರ ಸೆಪ್ಟೆಂಬರಿನಲ್ಲಿ ತೊಡಗಿದ ಮನ್ನಾ ಡಿಸೆಂಬರ್ 31ಕ್ಕೆ ಮುಗಿಯಿತು.

ಹೊರಡುವವರು ಸೇವೆ ಮುಗಿದಾಗಿನ ಹಣವನ್ನು ಬಿಟ್ಟು ಬರಬಾರದು. ಸೌದಿಯಲ್ಲಿ ಮೊದಲ ಐದು ವರ್ಷಗಳಿಗೆ ತಲಾ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ಒಂದು ತಿಂಗಳದ್ದು. 2000 ರಿಯಾಲ್ ಸಂಬಳದಲ್ಲಿ ಏಳು ವರ್ಷ ದುಡಿದು ಕರಾರು ಮುಗಿದು ಹೊರಟವನಿಗೆ 9000 ರಿಯಾಲ್ ಬರಬೇಕು. ತಾನಾಗಿ ರಾಜೀನಾಮೆ ಕೊಟ್ಟರೆ ಇದರ ಮೂರನೇ ಎರಡು ಭಾಗ, 6000. ಹಾಗಾಗಿ ರಾಜೀನಾಮೆ ಪತ್ರಕ್ಕೆ ಅವಸರದಲ್ಲಿ ರುಜು ಹಾಕಬಾರದು. "ಎಲ್ಲ ಬಾಕಿ ಪಡೆದಿದ್ದೇನೆ" ಎಂಬ ಅರಬಿ ಕಾಗದಕ್ಕೆ ಹಣ ಖಾತೆಗೆ ಬೀಳುವ ಮೊದಲು ಹೆಬ್ಬೆಟ್ಟು ಒತ್ತಬಾರದು. ಬಾಕಿ ಉಳಿದೇ ಹೊರಡಬೇಕಾಗಿ ಬಂದರೆ ಅಲ್ಲಿರುವ ನಂಬಿಕಸ್ಥ ಬಂಧುವಿನ ಹೆಸರಿಗೆ ಅಧಿಕಾರ ಪತ್ರ ಮಾಡಿಟ್ಟು ವಿಮಾನ ಹತ್ತಬೇಕು. ಊರಿಗೆ ಬಂದ ಮೇಲೆ ಅದನ್ನು ಮಾಡಿಸುವುದಕ್ಕೆ ನೋಟರಿ, ದೃಢೀಕರಣ, ಅರಬಿ ಅನುವಾದ ಎಂದು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ.