ಬಾವಿಯ ಪಂಪಿಗೆ ತಕ್ಕ ಕೊಳವೆಗಳು

ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಬಾವಿಯು ಆಳವಾದಷ್ಟೂ ಎತ್ತುಗಳಿಗೆ ಶ್ರಮವು ಹೆಚ್ಚುವುದನ್ನು ರೈತನು ಕಣ್ಣಾರೆ ಕಾಣುತ್ತಿದ್ದನು. ಪಂಪು ಬಂದ ಮೇಲೆ ಆ ಶ್ರಮವು ಕೊಳವೆಯೊಳಗೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳದು. ಬೇಸಗೆಯಲ್ಲಿ ಪೈರು ಬಾಡತೊಡಗಿದಾಗ ನೀರು ಸಾಲದೆಂದು ಸಾಲಮಾಡಿ ದೊಡ್ಡ ಮೋಟಾರನ್ನು ಕೊಂಡು, ಆಗಲೂ ನೀರು ಹೆಚ್ಚದೆ ನಷ್ಟಕ್ಕೆ ಗುರಿಯಾಗುವವರುಂಟು. ಅನೇಕ ವೇಳೆ ದೋಷವು ಮೋಟಾರಿನಲ್ಲಿರದೆ, ಪಂಪನ್ನಿಟ್ಟ ಸ್ಥಳದಲ್ಲಾಗಲಿ ಕೊಳವೆಯ ಗಾತ್ರದಲ್ಲಾಗಲಿ ಇರುವುದು.

ತೆರೆದ ಬಾವಿಯ ಮೇಲ್ಗಡೆ ಇಟ್ಟ ಪಂಪು ನೀರನ್ನು ತಾನೇ ಎಳೆಯುವುದೆಂಬ ಭಾವನೆಯು ಸರಿಯಲ್ಲ. ಪಂಪು ಹೀರುಕೊಳವೆಯಲ್ಲಿ ಒತ್ತಡವನ್ನು ತಗ್ಗಿಸುವುದು. ಬಾವಿಯ ನೀರಿನ ಮೇಲಿರುವ ವಾಯುವಿನ ಭಾರವೇ ನೀರನ್ನು ಮೇಲಕ್ಕೆ ನೂಕುವುದು. ಸಮುದ್ರಮಟ್ಟದಲ್ಲಿ ಈ ಭಾರವು ನೀರನ್ನು ಹೆಚ್ಚೆಂದರೆ 10.3 ಮೀಟರು, ಎಂದರೆ ಸುಮಾರು 34 ಅಡಿ, ಏರಿಸಬಲ್ಲುದು. ಬೆಂಗಳೂರಿನಂತೆ ಸುಮಾರು 900 ಮೀಟರು ಎತ್ತರದಲ್ಲಿರುವ ಸೀಮೆಯಲ್ಲಿ ಅದು ಒಂಬತ್ತೂಕಾಲು ಮೀಟರಿಗೆ ಇಳಿಯುವುದು. ಕೊಳವೆಯ ಘರ್ಷಣೆಯನ್ನೂ ಗಣಿಸಿದರೆ, ಪಂಪು ನೀರಿನಿಂದ 6 ಮೀಟರಿಗಿಂತ ಮೇಲೆ ಇರದಿರುವುದು ಕ್ಷೇಮ. ಈ ಎತ್ತರವನ್ನು ಮಳೆಗಾಲದಲ್ಲಿ ಅಳೆಯದೆ, ಬೇಸಗೆಯಲ್ಲಿ ಪಂಪು ನಡೆದು ನೀರು ಇಳಿದಿರುವಾಗ ಅಳೆಯತಕ್ಕದ್ದು. ಈ ಮಿತಿಯನ್ನು ಎಷ್ಟು ದೊಡ್ಡ ಮೋಟಾರೂ ಮೀರಲಾರದು. ಪಂಪನ್ನು ಕೆಳಗಿಳಿಸುವುದೊಂದೇ ಉಪಾಯ.

ಹೀರುಕೊಳವೆಯು ಪಂಪಿನ ಕಡೆಗೆ ಒಂದೇ ಸಮನೆ ಏರುತ್ತಿರಬೇಕು. ನಡುವೆ ಉಬ್ಬಿದ್ದರೆ ಅಲ್ಲಿ ಗಾಳಿಯು ಸೇರಿ ನೀರಿನ ಧಾರೆಯು ಕಡಿಯುವುದು. ಬೆಸುಗೆಗಳಲ್ಲಿ ಗಾಳಿ ನುಸುಳಬಾರದು. ಫುಟ್‌ವಾಲ್ವು ಸದಾ ನೀರಿನೊಳಗೆ ಮುಳುಗಿದ್ದು, ತಳದ ಕೆಸರಿಗೆ ತಾಗದಂತಿರಬೇಕು.

ಇನ್ನು ಹೊರಕೊಳವೆಯ ವಿಚಾರ. ಅಷ್ಟೇ ನೀರು ಹರಿಯುವಾಗ, ಕೊಳವೆಯ ಅಡ್ಡಳತೆಯನ್ನು ಅರ್ಧಮಾಡಿದರೆ ಘರ್ಷಣೆಯು ಇಮ್ಮಡಿಯಲ್ಲ, ಸುಮಾರು 32 ಮಡಿಯಾಗುವುದು. ಒಂದು ಉದಾಹರಣೆಯನ್ನು ನೋಡೋಣ. ಸೆಕೆಂಡಿಗೆ 5 ಲೀಟರು ನೀರನ್ನು 24 ಮೀಟರು ಎತ್ತರಕ್ಕೆ, 90 ಮೀಟರು ಉದ್ದದ ಹಳೆಯ ಕಬ್ಬಿಣದ ಕೊಳವೆಯಿಂದ ಸಾಗಿಸಬೇಕೆಂದಿಟ್ಟುಕೊಳ್ಳಿ. ಕೊಳವೆಯು 2 ಅಂಗುಲದ್ದಾದರೆ ಘರ್ಷಣೆಯನ್ನು ಗೆಲ್ಲಲು ಸುಮಾರು 18 ಮೀಟರಿನಷ್ಟು ಎತ್ತರವು ಕೂಡುವುದು. ಎರಡೂವರೆ ಅಂಗುಲದ್ದಾದರೆ ಸುಮಾರು 6 ಮೀಟರು ಮಾತ್ರ. ಒಟ್ಟು ಎತ್ತರವು ಕ್ರಮವಾಗಿ 42 ಮತ್ತು 30 ಮೀಟರು. ಲೀಟರುಗಳನ್ನು ಎತ್ತರದಿಂದ ಗುಣಿಸಿ 75ರಿಂದ ಭಾಗಿಸಿದರೆ ಅಶ್ವಶಕ್ತಿಯು ದೊರೆಯುವುದು: 2.8 ಮತ್ತು 2. ಪಂಪಿನಲ್ಲಿ ಅರ್ಧ ಶಕ್ತಿಯು ವ್ಯಯವಾಗುವುದಾದರೆ ಮೋಟಾರು ಕೊಡಬೇಕಾದ ಶಕ್ತಿಯು 5.6 ಮತ್ತು 4. ಅರ್ಧ ಅಂಗುಲದ ಉಳಿತಾಯಕ್ಕಾಗಿ ಪಂಪು ನಡೆಯುವಷ್ಟು ಕಾಲವೂ 1.6 ಅಶ್ವಶಕ್ತಿಯು ವ್ಯರ್ಥವಾಗುವುದೆಂದಾಯಿತು. ಅನಾವಶ್ಯಕವಾದ ಬಾಗುಗಳೂ ಇದೇ ನಷ್ಟವನ್ನು ಬೆಳೆಸುವುವು.

ಕೊಳವೆಬಾವಿಯಲ್ಲಿ ಪಂಪು ನೀರಿನೊಳಗೇ ಇದ್ದು ಕೆಳಗಿನಿಂದ ನೂಕುವುದರಿಂದ ಹೀರುವ ಮಿತಿಯ ತೊಂದರೆಯಿಲ್ಲ; ಘರ್ಷಣೆಯ ಲೆಕ್ಕವು ಮಾತ್ರ ಅಲ್ಲಿಯೂ ತಪ್ಪದು.

ಆದುದರಿಂದ ಪಂಪು ಕೊಳ್ಳುವ ಮೊದಲು ಬೇಸಗೆಯ ನೀರಿನ ಮಟ್ಟ, ನೀರು ಬೀಳಬೇಕಾದ ಸ್ಥಳದ ಎತ್ತರ, ಕೊಳವೆಯ ಉದ್ದ, ಬೇಕಾದ ನೀರಿನ ಪ್ರಮಾಣ, ಈ ನಾಲ್ಕನ್ನೂ ಅಳೆದು ಬರೆದುಕೊಂಡು ಅಂಗಡಿಗೆ ಹೋಗತಕ್ಕದ್ದು. ಗ್ರಾಮದ ಮುಖಂಡರು ತಮ್ಮ ಊರಿನ ಸಣ್ಣ ಹಿಡುವಳಿದಾರರಿಗೆ ಈ ಅಳತೆಗಳನ್ನು ಮಾಡಿಸಿಕೊಟ್ಟರೆ, ಅವರಿಗೆ ಒಂದು ಸಾಲವನ್ನೇ ತಪ್ಪಿಸಿದಂತಾಗುವುದು.