ಮಕ್ಕಳ ಸಂಗೀತವೂ ನಮ್ಮ ಕಿಸೆಯ ಕಾಸೂ

ಪ್ರತಿವರ್ಷವೂ ಡಿಸೆಂಬರ್ ತಿಂಗಳು ಬಂದೊಡನೆ ಪುಣೆಯ ಹೋಟೆಲುಗಳಲ್ಲಿ ಒಂದು ಮಾತು ಕೇಳಿಬರುತ್ತದೆ: 'ಈ ಸಲ ಸವಾಯಿಯಲ್ಲಿ ಯಾರ್ಯಾರ ಹಾಡಿಕೆ?' ಕೇಳುವವರು ಗಿರಾಕಿಗಳು. ಚಹಾದ ಬಟ್ಟಲನ್ನು ಅವರ ಮುಂದಿರಿಸಿ ಹಿಂದಿರುಗುವ ನಮ್ಮ ಹುಡುಗನಿಗೆ, ಆ 'ಸವಾಯಿ' ತನ್ನ ನಾಡಿನವರೇ ಎಂಬ ಸಂಗತಿ ಎಷ್ಟೋ ವೇಳೆ ತಿಳಿದಿರುವುದಿಲ್ಲ.

ಧಾರವಾಡ ಸೀಮೆಯ ಕುಂದಗೋಳದ ರಾಮಭಾವು ಅವರು 'ಸವಾಯಿ ಗಂಧರ್ವ'ರೆಂದು ಹೆಸರಾಗಿ, 1952ರಲ್ಲಿ ಪುಣೆಯಲ್ಲಿಯೇ ದೇಹವಿಟ್ಟರು. ಅವರ ನೆನಪಿಗಾಗಿ 1953ರಲ್ಲಿ ಇಲ್ಲಿ ಸಂಗೀತೋತ್ಸವ ಮೊದಲಾಯಿತು. ಅದನ್ನು ಹೊತ್ತು ನಡೆಸಿದವರು ಅವರ ಶಿಷ್ಯರಾದ ಭೀಮಸೇನ ಜೋಶಿಯವರು. ಇವರೂ ನಮ್ಮವರೇ, 1922ರಲ್ಲಿ ರೋಣದಲ್ಲಿ ಹುಟ್ಟಿ, ಬಾಲಕನಾಗಿರುವಾಗಲೇ ಗುರುವನ್ನರಸಿ ಮನೆ ಬಿಟ್ಟು, ಊರೂರು ತಿರುಗಿ, ಕೊನೆಗೆ ನಮ್ಮಂತೆಯೇ ಪುಣೆಯಲ್ಲಿ ನೆಲೆ ಕಂಡವರು. ಬಹುಕಾಲ ಈ ಉತ್ಸವ ರಾತ್ರಿಯಿಡೀ ನಡೆಯುತ್ತಿತ್ತು. ಹೋಟೆಲಿನ ಬಾಗಿಲು ಹಾಕಿದ ಮೇಲೂ ಹೋಗಿ ಕುಳಿತು ಕೇಳಲು ಎಡೆಯಿತ್ತು. ಈಗ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ ಬಂದಿರುವುದರಿಂದ, ನಮ್ಮ ಕೆಲಸ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಹಾಡಿಕೆಯೂ ಮುಗಿದಿರುತ್ತದೆ.

ನಮಗೆ ತಪ್ಪಿದ್ದು ನಮ್ಮ ಮಕ್ಕಳಿಗಾದರೂ ದೊರೆಯಬೇಡವೇ? ಪರಿಚಯದ ಅಡಿಗೆ ಭಟ್ಟರೊಬ್ಬರನ್ನು ನಾವು ಇದನ್ನೇ ಕೇಳಿದೆವು: 'ಭಟ್ಟರೇ, ಮಗಳನ್ನು ಸಂಗೀತದ ಪಾಠಕ್ಕೆ ಕಳುಹಿಸಬಾರದೇ?' ಅವರು ಸೌಟನ್ನು ಕೆಳಗಿಟ್ಟು, 'ಎಂತ ಹೇಳ್ತೀರಿ ಮಾರಾಯ್ರೆ! ಶಾಲೆಯ ಫೀಸಿಗೇ ಸಂಬಳ ಸಾಲುವುದಿಲ್ಲ. ಸಂಗೀತವೆಲ್ಲ ದೊಡ್ಡವರ ಮನೆಯ ಮಕ್ಕಳಿಗೆ' ಎಂದರು.

ಭಟ್ಟರ ಕಷ್ಟ ನಿಜ. ಆದರೆ ಅವರ ಕೊನೆಯ ಮಾತನ್ನು ನಾವು ಒಪ್ಪಲಾರೆವು. ಬಡವರ ಮಕ್ಕಳಿಗೂ ಸಂಗೀತ ದೊರೆಯಬೇಕೆಂದು ಹೆಣಗಿದವರು ಈ ಊರಿನಲ್ಲಿಯೇ ಇದ್ದರು. ಒಂದು ಕಾಲಕ್ಕೆ ಈ ವಿದ್ಯೆ ಅರಮನೆಗಳಲ್ಲಿಯೂ ಉಸ್ತಾದರ ಮನೆಗಳಲ್ಲಿಯೂ ಅಡಗಿತ್ತು. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದು, ಬಡ ವಿದ್ಯಾರ್ಥಿಗಳಿಗೆ ಊಟ ವಸತಿಗಳನ್ನಿತ್ತು ಕಲಿಸಿದರು. ಅದರ ವೆಚ್ಚಕ್ಕಾಗಿ ಅವರು ಟಿಕೆಟಿನ ಕಚೇರಿಗಳನ್ನು ನಡೆಸಿದರು. ಶ್ರೋತೃಗಳ ಹಣವೇ ಮಕ್ಕಳ ಅನ್ನವಾಯಿತು.

ಇದಕ್ಕೂ ಮೊದಲು, 1901ರಲ್ಲಿ, ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ್ದರು. ಅರಸರನ್ನೇ ನೆಚ್ಚದೆ ಜನರ ಕಾಣಿಕೆಯಿಂದ ನಡೆದ ಶಾಲೆಯದು. ಮುಂದೆ ಮುಂಬಯಿಯಲ್ಲಿ ದೊಡ್ಡ ಕಟ್ಟಡ ಕಟ್ಟಲು ಅವರು ಸಾಲ ಮಾಡಿದರು. ಸಾಲ ತೀರಲಿಲ್ಲ, ಕಟ್ಟಡ ಹರಾಜಾಯಿತು. ಆದರೆ ವಿದ್ಯೆ ಹರಾಜಾಗಲಿಲ್ಲ. ಅವರ ಶಿಷ್ಯ ವಿನಾಯಕರಾವ್ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಅದೇ ಹೆಸರಿನ ವಿದ್ಯಾಲಯವನ್ನು ಆರಂಭಿಸಿದರು. ಕಲ್ಲು ಗಾರೆಗಿಂತ ಕಲಿಸುವವನು ಮುಖ್ಯವೆಂಬ ಪಾಠವನ್ನು ನಾವು ಇದರಿಂದ ಕಲಿಯಬೇಕಾಗಿದೆ.

ಇನ್ನು ನಮ್ಮ ನಾಡಿನ ಕಡೆಗೆ ನೋಡೋಣ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತ ಕಲಿಸಿದರು. ಕೊನೆಗೆ ಗದಗಿನಲ್ಲಿ ನೆಲೆನಿಂತು 1944ರಲ್ಲಿ ಲಿಂಗೈಕ್ಯರಾದರು. ಆ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡಿದ್ದ ಇವರು, ಆಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕಗಳನ್ನು ಬರೆದರು, ನಾಟಕ ಸಂಘವನ್ನು ಕಟ್ಟಿ ಊರೂರಿನಲ್ಲಿ ಆಡಿಸಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ನೂರಾರು ಸಲ ನಾಣ್ಯಗಳ ತುಲಾಭಾರ ಮಾಡಿದರು. ಆ ನಾಣ್ಯಗಳೆಲ್ಲ ಆಶ್ರಮದ ಪಾಲಾದವು. 2010ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ಕ್ರಮ ತಪ್ಪಲಿಲ್ಲ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಅದೇ ಆಶ್ರಮದ ಅನ್ನ ಉಂಡು ಕಲಿತವರು. ಒಬ್ಬೊಬ್ಬ ರೈತನೂ ಒಬ್ಬೊಬ್ಬ ತಾಯಿಯೂ ಕೊಟ್ಟ ಕಾಸು ಇಂತಹ ಫಲ ಕೊಟ್ಟಿದೆ.

ಕಣ್ಣಿಲ್ಲದ ಮಗುವಿಗೆ ಸಂಗೀತವು ಜೀವನೋಪಾಯವಾಯಿತು. ಬೇರೆ ಬಗೆಯ ಸಂಕಟದಲ್ಲಿರುವವರಿಗೆ ಅದು ಚಿಕಿತ್ಸೆಯ ಒಂದು ಅಂಗವೂ ಆಗಬಲ್ಲದೆಂಬುದನ್ನು ಹೊರದೇಶಗಳಲ್ಲಿ ಕಂಡುಕೊಂಡಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ಸಂಗೀತಗಾರರು ನೆರವಾದರು. ಬರಿಯ ಹಾಡುಗಾರಿಕೆ ಸಾಲದು, ಇದಕ್ಕೆ ಬೇರೆಯೇ ಶಿಕ್ಷಣ ಬೇಕೆಂದು ಕಂಡುಬಂದುದರಿಂದ 1944ರಲ್ಲಿ ಮಿಶಿಗನ್ನಿನ ವಿದ್ಯಾಲಯವೊಂದರಲ್ಲಿ ಸಂಗೀತ ಚಿಕಿತ್ಸೆಯ ಪಾಠಕ್ರಮ ಆರಂಭವಾಯಿತು. 1959ರಲ್ಲಿ ಪಾಲ್ ನಾರ್ಡಾಫ್ ಎಂಬ ಸಂಗೀತಗಾರರೂ ಕ್ಲೈವ್ ರಾಬಿನ್ಸ್ ಎಂಬ ಶಿಕ್ಷಕರೂ ಇಂಗ್ಲೆಂಡಿನಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳೊಡನೆ ಕೆಲಸಕ್ಕೆ ತೊಡಗಿದರು. ಮಗು ಅತ್ತರೆ ಆ ಅಳುವಿನ ಸ್ವರಕ್ಕೇ ಪಿಯಾನೋವನ್ನು ಕೂಡಿಸುವುದು, ಡೋಲು ಬಡಿದರೆ ಆ ಬಡಿತಕ್ಕೇ ಲಯ ಕೊಡುವುದು, ಹೀಗೆ ಮಾತು ಬಾರದ ಮಗುವಿನೊಡನೆ ಸಂಭಾಷಣೆ ನಡೆಸುವುದು ಅವರ ಮಾರ್ಗ. ಪಾರ್ಶ್ವವಾಯುವಿನಿಂದ ಮಾತು ನಿಂತವರು ಕೆಲವೊಮ್ಮೆ ಹಾಡಿನಲ್ಲಿ ನುಡಿಗಳನ್ನು ಹೇಳಬಲ್ಲರು. ಇದನ್ನೇ ಆಧರಿಸಿ 1973ರಲ್ಲಿ ಬಾಸ್ಟನ್ನಿನ ವೈದ್ಯರು ರಾಗದ ಮೂಲಕ ಮಾತನ್ನು ಮರಳಿ ಕಲಿಸುವ ಕ್ರಮವನ್ನು ಪ್ರಕಟಿಸಿದರು. ನಡಿಗೆ ತಡವರಿಸುವ ಪಾರ್ಕಿನ್ಸನ್ ರೋಗಿಗಳಿಗೆ ತಾಳದ ಬಡಿತ ಹೆಜ್ಜೆಗೆ ಆಸರೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಇಂತಹ ರಾಗದಿಂದ ಇಂತಹ ರೋಗ ಗುಣವಾಗುತ್ತದೆಂದು ಸಾರಿ ಹಣ ಕೀಳುವವರೂ ಉಂಟು. ಸಂಗೀತವು ವೈದ್ಯನ ಔಷಧಕ್ಕೆ ಬದಲಲ್ಲ. ಅದು ಔಷಧದ ಜೊತೆಗೆ ನಡೆಯುವ ಊರುಗೋಲು. ಆ ಊರುಗೋಲನ್ನು ಹಿಡಿಸಲು ಶಿಕ್ಷಣ ಪಡೆದವರೇ ಬೇಕು. ಅವರಿಗೆ ತಿಂಗಳು ತಿಂಗಳು ಸಂಬಳ ಬೇಕು. ನಾರ್ಡಾಫ್ ಮತ್ತು ರಾಬಿನ್ಸರ ಹೆಸರಿನ ಸಂಸ್ಥೆಗಾಗಿ 1976ರಿಂದ ಲಂಡನ್ನಿನ ಸಂಗೀತ ವ್ಯಾಪಾರಿಗಳು ವರ್ಷಕ್ಕೊಮ್ಮೆ ಔತಣವೇರ್ಪಡಿಸಿ ನಿಧಿ ಕೂಡಿಸಲಾರಂಭಿಸಿದರು. ಗಾಯನದಿಂದ ಗಳಿಸಿದವರು ಗಾಯನದಿಂದಲೇ ಉಪಶಮನ ಬಯಸುವವರಿಗೆ ಒಂದಂಶ ಮರಳಿಸಿದರು.

ನಾವು ಅಂತಹ ಧನಿಕರಲ್ಲ. ಆದರೆ ಊಟವಿಕ್ಕುವ ಕೆಲಸವನ್ನು ನಮ್ಮಷ್ಟು ಬಲ್ಲವರಾರು? ಪುಣೆಯಲ್ಲಿ ಕನ್ನಡ ಸಂಘವಿದೆ, ಅದರ ಶಾಲೆಗಳಿವೆ. ನಮ್ಮವರು ಕೂಡುವ ಹಬ್ಬ ಹರಿದಿನಗಳಿವೆ. ರಜೆಯ ದಿನ ಬೆಳಿಗ್ಗೆ ಒಂದು ಕೋಣೆ ದೊರೆತರೂ ಎಳೆಯರ ವರ್ಗವೊಂದನ್ನು ನಡೆಸಬಹುದು. ಐದಾರು ವರ್ಷದ ಮಕ್ಕಳಿಗೆ ಅರ್ಧ ಗಂಟೆ ಸಾಕು. ಚಪ್ಪಾಳೆಯಿಂದ ತಾಳ, ಆಟದಿಂದ ಲಯ, ಅಜ್ಜಿ ಹೇಳುತ್ತಿದ್ದ ಹಾಡುಗಳಿಂದ ಸ್ವರ. ಇಷ್ಟೇ ಮೊದಲ ಪಾಠ. ತಂಬೂರಿ ಕೊಳ್ಳಬೇಕಾಗಿಲ್ಲ, ಅದರ ಶ್ರುತಿ ಈಗ ಕಿಸೆಯ ಮೊಬೈಲಿನಲ್ಲಿಯೇ ದೊರೆಯುತ್ತದೆ. ಆಸಕ್ತಿ ಬೆಳೆದ ಮಗು ಮುಂದೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ 'ಪ್ರಾರಂಭಿಕ' ಪರೀಕ್ಷೆಗೆ ಕೂಡಬಹುದು.

ವೆಚ್ಚದ ಲೆಕ್ಕವೂ ಭಯಪಡಿಸುವಂತಹುದಲ್ಲ. ಒಂದು ಮನೆ ದಿನಕ್ಕೆ 2 ರೂಪಾಯಿ ತೆಗೆದಿಟ್ಟರೆ ತಿಂಗಳಿಗೆ 60 ರೂಪಾಯಿ. ನೂರು ಮನೆಗಳು ಸೇರಿದರೆ 6,000. ವರ್ಷಕ್ಕೆ 72,000 ರೂಪಾಯಿ. ಇದರಿಂದ ಶಿಕ್ಷಕರ ಗೌರವಧನ ಸಲ್ಲಲಿ. ವರ್ಷಕ್ಕೊಮ್ಮೆ ಮಕ್ಕಳ ಹಾಡಿಕೆಯನ್ನಿಟ್ಟು, ಹೋಟೆಲಿನ ಬಂಧುಗಳು ಉಪ್ಪಿಟ್ಟು ಕಾಫಿಗಳ ಸೇವೆ ವಹಿಸಿಕೊಳ್ಳಲಿ. ಅಂದು ಕೂಡಿದ ಹಣ ಅಂಧ ಮಕ್ಕಳ ಅಥವಾ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಶಾಲೆಯೊಂದಕ್ಕೆ, ಅಲ್ಲಿ ಸಂಗೀತ ಕಲಿಸುವವರ ಅಥವಾ ಚಿಕಿತ್ಸೆ ನೀಡುವವರ ಸಂಬಳಕ್ಕೆಂದೇ ಸಲ್ಲಲಿ.

ಮೂರು ನಿಯಮಗಳನ್ನು ಮಾತ್ರ ನಾವು ಸೂಚಿಸುತ್ತೇವೆ. ಕಟ್ಟಡದ ಮಾತನ್ನು ಎತ್ತಬಾರದು. ಜಮಾ ಖರ್ಚಿನ ಲೆಕ್ಕವನ್ನು ಅದೇ ವೇದಿಕೆಯಿಂದ ಎಲ್ಲರೆದುರು ಓದಬೇಕು. ಗುಮಾಸ್ತ ಬಂಧುಗಳಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಫೀಸು ಕೊಡಲಾರದವರ ಮಗುವಿನ ಹೆಸರನ್ನು ಯಾರೂ ಆಡಿ ತೋರಿಸಬಾರದು. ಹಣವಂತರ ಮಗುವೂ ಬಡವರ ಮಗುವೂ ಒಂದೇ ಚಾಪೆಯ ಮೇಲೆ ಕೂಡಬೇಕು.

ನಾವು ಇದನ್ನೆಲ್ಲ ಆ ಅಡಿಗೆ ಭಟ್ಟರ ಮುಂದೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, 'ದಿನಕ್ಕೆ 2 ರೂಪಾಯಿ ನಾನೂ ಕೊಟ್ಟೇನು. ಆದರೆ ದಾನದ ವಿದ್ಯೆ ಎಂದು ಮಗಳಿಗೆ ಅನ್ನಿಸಬಾರದಲ್ಲ?' ಎಂದರು. ಅನ್ನಿಸಲಾರದು. ಏಕೆಂದರೆ ಆ ಮಗು ವರ್ಷದ ಕೊನೆಗೆ ತಾನು ಕಂಡರಿಯದ ಇನ್ನೊಂದು ಮಗುವಿಗಾಗಿ ಹಾಡಲಿದೆ. ತೆಗೆದುಕೊಂಡ ಕೈಯೇ ಕೊಡುವ ಕೈಯಾಗುವಲ್ಲಿ ಋಣದ ಭಾರವಿಲ್ಲ. ಮುಂದಿನ ಡಿಸೆಂಬರಿನಲ್ಲಿ ಗಿರಾಕಿಗಳು ಸವಾಯಿಯ ಮಾತೆತ್ತಿದಾಗ, ಚಹಾ ತಂದಿರಿಸುವ ನಮ್ಮವರು ತಮ್ಮ ಮನೆಯಲ್ಲಿಯೂ ಒಂದು ಕೂಸು ಸ್ವರ ಕಲಿಯುತ್ತಿದೆಯೆಂದು ಹೇಳುವಂತಾಗಲಿ.