ನದಿಗೆ ಹೊರಡುವವರ ಗಂಟು

ವಿಶಾಖಪಟ್ಟಣದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ವಾರಕ್ಕೊಮ್ಮೆಯಾದರೂ ಸಮುದ್ರದ ದಂಡೆಗೆ ಹೋಗದವರು ವಿರಳ. ಆದರೂ ನೀರೆಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಹೊಳೆಯೇ ಹೊರತು ಕಡಲಲ್ಲ. ನನ್ನ ಹುಟ್ಟೂರು ತುಂಗಭದ್ರೆಯ ದಡದಲ್ಲಿದೆ. ಹಂಪೆಯ ಬಳಿ ಹರಿಗೋಲಿನಲ್ಲಿ ಕುಳಿತು ಗಿರಗಿರನೆ ತಿರುಗುತ್ತ ಹೊಳೆ ದಾಟಿದ್ದು ಬಾಲ್ಯದ ನೆನಪುಗಳಲ್ಲಿ ಮೊದಲನೆಯದು. ಆ ತುಂಗಭದ್ರೆಯೇ ಮುಂದೆ ಕೃಷ್ಣೆಯೊಡನೆ ಕೂಡಿ ವಿಜಯವಾಡಕ್ಕೆ ಬರುತ್ತಾಳೆಂಬ ಅಭಿಮಾನ, ಬ್ಯಾಂಕಿನ ವರ್ಗಾವಣೆಯಲ್ಲಿ ಆ ಊರಿನಲ್ಲಿದ್ದ ವರ್ಷಗಳಲ್ಲಿ ನನ್ನನ್ನು ಬಿಟ್ಟಿರಲಿಲ್ಲ.

2023ರ ಡಿಸೆಂಬರ್ 23 ನಾಲ್ಕನೆಯ ಶನಿವಾರ, ಮರುದಿನ ಭಾನುವಾರ, ಅದರ ಮರುದಿನ ಕ್ರಿಸ್ಮಸ್. ಬ್ಯಾಂಕಿನವರ ಪಾಲಿಗೆ ಒಟ್ಟಿಗೆ ಮೂರು ದಿನಗಳ ರಜೆಯೆಂಬುದು ಸಾಮಾನ್ಯದ ಮಾತಲ್ಲ. ನಾವು ಆರು ಮಂದಿ ಸ್ನೇಹಿತರು ರಾತ್ರಿಯ ರೈಲಿನಲ್ಲಿ ವಿಜಯವಾಡಕ್ಕೆ ಹೋಗಿ, ಅಲ್ಲಿಂದ ವೇದಾದ್ರಿಗೆ ಸಾಗಿ, ಮೂವರು ಬೆಸ್ತರ ಮೂರು ಕಿರುದೋಣಿಗಳಲ್ಲಿ ಕೃಷ್ಣೆಯ ಜಾಡು ಹಿಡಿದು ಭವಾನಿ ದ್ವೀಪದವರೆಗೆ ಬರುವುದೆಂದು ನಿಶ್ಚಯಿಸಿದೆವು. ಸ್ಥಳೀಯ ಅಧಿಕಾರಿಗಳ ಅನುಮತಿ ಪಡೆದೇ ಹೊರಟೆವು. ಹೋಗಿಬಂದ ಮೇಲೆ ಸಂಘದ ಸದಸ್ಯರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ‘ಏನೇನು ತೆಗೆದುಕೊಂಡು ಹೋಗಬೇಕು?’ ಅದಕ್ಕೆ ಉತ್ತರವಾಗಿ ಈ ಲೇಖನ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆರೋಗ್ಯಕ್ಕೆ ಸಂಬಂಧಿಸಿದ ಮಾತುಗಳನ್ನು ವೈದ್ಯಮಿತ್ರರಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಇಲ್ಲಿ ಬರೆದಿದ್ದೇನೆ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಲೆಕ್ಕದ ಮನುಷ್ಯನಾದ್ದರಿಂದ ಸಾಮಾನು ಕಟ್ಟುವ ಹೊಣೆ ನನ್ನದಾಯಿತು. ನಾಲ್ಕು ಹಾಳೆಗಳ ಪಟ್ಟಿ ಮಾಡಿ, ಎಲ್ಲವನ್ನೂ ಖಾತೆವಾರು ವಿಂಗಡಿಸಿದೆ. ಹೊದಿಕೆ, ಡೇರೆಗಳೆಲ್ಲ ಮೊದಲನೆಯ ದೋಣಿಗೆ. ಕುಡಿಯುವ ನೀರು ಎರಡನೆಯದಕ್ಕೆ. ಆಹಾರ ಮತ್ತು ಔಷಧಿಗಳು ಮೂರನೆಯದಕ್ಕೆ. ನೋಡಿದವರೆಲ್ಲ ಮೆಚ್ಚಿದರು. ನನಗೂ ಹೆಮ್ಮೆಯೆನಿಸಿತು.

ಆ ವರ್ಷ ಮಳೆ ಕೈಕೊಟ್ಟಿತ್ತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಮೇಲೆ ಮಳೆಯಿಲ್ಲದಿದ್ದರೆ ಕೆಳಗೆ ಹೊಳೆಯಿಲ್ಲ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತ ನೀರನ್ನು ನೋಡಿ ಕೃಷ್ಣೆ ಎಲ್ಲೆಲ್ಲೂ ಹಾಗೆಯೇ ಇರುವಳೆಂದು ಭಾವಿಸಿದ್ದ ನಮಗೆ, ವೇದಾದ್ರಿಯ ಕೆಳಗೆ ಕಂಡದ್ದು ಮರಳದಿಣ್ಣೆಗಳ ನಡುವೆ ಹರಿಯುವ ಸೀಳುಧಾರೆಗಳು. ಗಳಿಗೆಗೊಮ್ಮೆ ದೋಣಿಯಿಂದಿಳಿದು, ಮೊಳಕಾಲುದ್ದದ ನೀರಿನಲ್ಲಿ ಅದನ್ನು ಎಳೆಯಬೇಕು. ಆಗ ತಿಳಿಯಿತು, ಗಂಟಿನೊಳಗಿನ ಒಂದೊಂದು ಕಿಲೋವಿನ ಬೆಲೆ. ನಾನು ಹಾಕಿಕೊಂಡು ಬಂದಿದ್ದ ಮಡಿಸುವ ಕುರ್ಚಿಗಳೆರಡನ್ನು ಮೊದಲ ಸಂಜೆಯೇ ದಡದ ಹಳ್ಳಿಯವರಿಗೆ ಕೊಟ್ಟುಬಿಟ್ಟೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೂರನೆಯ ದೋಣಿ ತಿರುವಿನಾಚೆ ಮರಳಿನಲ್ಲಿ ಕುಳಿತುಬಿಟ್ಟಿತು. ನಾವು ಎರಡು ದೋಣಿಯವರು ತಿಳಿಯದೆ ಬಹಳ ಮುಂದೆ ಬಂದಿದ್ದೆವು. ನನ್ನ ದೋಣಿಯಲ್ಲಿದ್ದ ಸಹೋದ್ಯೋಗಿಗೆ ಐವತ್ತರ ವಯಸ್ಸು, ಮಧುಮೇಹಿ, ದಿನವೂ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು. ಅಂದು ಉತ್ಸಾಹದಿಂದ ಮೂರು ಗಂಟೆ ಹುಟ್ಟು ಹಾಕಿದ್ದರು. ಇದ್ದಕ್ಕಿದ್ದಂತೆ ಹುಟ್ಟನ್ನು ನೀರಿಗೆ ಬಿಟ್ಟರು. ಹಣೆಯ ಮೇಲೆ ಬೆವರು, ಕೈಯಲ್ಲಿ ನಡುಕ. ‘ಏನಾಯಿತು?’ ಎಂದರೆ ಶಾಖೆಯ ಬೀಗದ ಕೈ ಎಲ್ಲಿ ಎಂದು ನನ್ನನ್ನೇ ಗದರಿದರು. ರಕ್ತದಲ್ಲಿ ಸಕ್ಕರೆ ಕುಸಿದಿದೆಯೆಂದು ಹೊಳೆಯಲು ನನಗೆ ಎರಡು ನಿಮಿಷ ಬೇಕಾಯಿತು. ಗ್ಲೂಕೋಸ್ ಇತ್ತು, ಸಕ್ಕರೆಯಿತ್ತು, ಬಿಸ್ಕತ್ತುಗಳಿದ್ದವು. ಎಲ್ಲವೂ ಪಟ್ಟಿಯ ಪ್ರಕಾರ ಮೂರನೆಯ ದೋಣಿಯಲ್ಲಿದ್ದವು! ಫೋನಿಗೆ ಸಂಕೇತವೇ ಸಿಗದ ಜಾಗ. ನನ್ನ ಕೈಕಾಲು ಆಡಲಿಲ್ಲ.

ದೋಣಿಯವನು ತನ್ನ ಬಟ್ಟೆಯ ಗಂಟನ್ನು ಬಿಚ್ಚಿದ. ಒಳಗೆ ಅನ್ನ, ಎರಡು ಈರುಳ್ಳಿ, ಬೀಡಿ ಕಟ್ಟು, ಕಾಗದದಲ್ಲಿ ಸುತ್ತಿದ ಒಂದು ಬೆಲ್ಲದುಂಡೆ. ಬೆಲ್ಲವನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, ಅವರಿಗೆ ನುಂಗುವ ಎಚ್ಚರವಿದ್ದುದರಿಂದ ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆಯ ನಂತರ ಅವರು ಸುತ್ತ ನೋಡಿ, ‘ಉಳಿದವರೆಲ್ಲಿ?’ ಎಂದು ಕೇಳಿದರು. ಆ ಪ್ರಶ್ನೆಯನ್ನು ಕೇಳಿ ನನಗಾದ ಸಮಾಧಾನವನ್ನು ಬಣ್ಣಿಸಲಾರೆ. ಒಬ್ಬನೇ ಸಾಲಗಾರನಿಗೆ ಬ್ಯಾಂಕಿನ ಹಣವನ್ನೆಲ್ಲ ಕೊಡಬಾರದೆಂದು ಕಿರಿಯ ಅಧಿಕಾರಿಗಳಿಗೆ ಪಾಠ ಹೇಳುವ ನಾನು, ಆರು ಜನರ ಜೀವವನ್ನು ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದೆ.

ಆದುದರಿಂದ ನದಿಯ ಪ್ರಯಾಣಕ್ಕೆ ಸಾಮಾನನ್ನು ವಸ್ತುವಾರು ಕಟ್ಟಬೇಡಿರಿ. ದೋಣಿವಾರು, ಆಳುವಾರು ಕಟ್ಟಿರಿ. ಉಳಿದ ದೋಣಿಗಳು ಕಾಣದೆ ಹೋದರೂ ಒಂದು ಹಗಲು ಒಂದು ರಾತ್ರಿ ಬದುಕುವಷ್ಟು ನೀರು, ತಿನಿಸು, ಔಷಧಿ, ಬೆಂಕಿಪೆಟ್ಟಿಗೆ, ಟಾರ್ಚು, ಸೀಟಿ ಪ್ರತಿಯೊಂದು ದೋಣಿಯಲ್ಲಿಯೂ ಇರಬೇಕು. ತಾವು ದಿನವೂ ಸೇವಿಸುವ ಔಷಧಿಯನ್ನು ಎರಡು ಪಾಲು ಮಾಡಿ ಒಂದನ್ನು ತಮ್ಮ ಮೈಮೇಲೆಯೇ, ಇನ್ನೊಂದನ್ನು ಬೇರೆ ದೋಣಿಯಲ್ಲಿ ಇಡತಕ್ಕದ್ದು. ಎಲ್ಲವನ್ನೂ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು, ದೋಣಿಗೆ ಹಗ್ಗದಿಂದ ಕಟ್ಟಿರಬೇಕು. ನೀರಿಗೆ ಬಿದ್ದ ಗಂಟು ತೇಲಬೇಕು.

ಮಧುಮೇಹಿಗಳಿಗೆ ಎರಡು ಮಾತು ಹೆಚ್ಚು. ದೈಹಿಕ ಶ್ರಮ ಹೆಚ್ಚಿದ ದಿನ ಸಕ್ಕರೆ ಬೇಗ ಇಳಿಯುತ್ತದೆ. ಇನ್ಸುಲಿನ್ನಿನ ಪ್ರಮಾಣವನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕಡಮೆಯಾದರೆ 15 ಗ್ರಾಂನಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು, 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಬಳಿಕ ಊಟ ಮಾಡಿಸುವುದು ಕ್ರಮ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಯೇ ಗತಿ. ಇನ್ಸುಲಿನ್ನನ್ನು ಬಿಸಿಲಿನಲ್ಲಿಡಬಾರದು, ಮಂಜುಗಡ್ಡೆಗೂ ತಾಗಿಸಬಾರದು. ಒದ್ದೆಬಟ್ಟೆ ಸುತ್ತಿದ ಮಣ್ಣಿನ ಕುಡಿಕೆ ಸಾಕು.

ಇನ್ನು ಆಹಾರ. ನಮ್ಮ ಮನೆಯವರು ಕಟ್ಟಿಕೊಟ್ಟ ಖಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿಗಳ ಮುಂದೆ ಪೇಟೆಯ ಪೊಟ್ಟಣಗಳೆಲ್ಲ ನಿಷ್ಪ್ರಯೋಜಕವಾದವು. ಹಗುರ, ಕೆಡುವುದಿಲ್ಲ, ಬೆಂಕಿ ಬೇಡ. ಅವಲಕ್ಕಿ, ಹುರಿಹಿಟ್ಟು, ಬೆಲ್ಲವೂ ಹಾಗೆಯೇ. ಮೊಸರನ್ನವನ್ನು ಮಾತ್ರ ಮೊದಲ ಹೊತ್ತಿಗೇ ಮುಗಿಸಿರಿ. ಹಿಂದೆ ವಿಜಯವಾಡದಿಂದ ಕಾಲುವೆಗಳ ಮೂಲಕ, ಬಕಿಂಗ್‌ಹ್ಯಾಮ್ ಕಾಲುವೆಯನ್ನು ಸೇರಿ, ಮದರಾಸಿನವರೆಗೂ ದೋಣಿಗಳು ಸಾಗುತ್ತಿದ್ದ ಕಾಲದಲ್ಲಿ ಅಂಬಿಗರು ದಿನಗಟ್ಟಲೆ ನೀರಿನ ಮೇಲೆಯೇ ಇರುತ್ತಿದ್ದರು. ಅವರ ಬಳಿ ನನ್ನಂತೆ ನಾಲ್ಕು ಹಾಳೆಯ ಪಟ್ಟಿ ಇದ್ದಿರಲಾರದು.

ಕುಡಿಯುವ ನೀರು ಆಳಿಗೆ ದಿನಕ್ಕೆ ಮೂರು ನಾಲ್ಕು ಲೀಟರು ಬೇಕು. ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಅರಿವೆಯಲ್ಲಿ ಸೋಸಿ, ಕೊತಕೊತನೆ ಕುದಿಸದೆ ಕುಡಿಯಬೇಡಿರಿ. ಭೇದಿಯಾದರೆ ಓಆರ್‌ಎಸ್ ಪೊಟ್ಟಣ. ಅದಿಲ್ಲವಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಾಲಿನ ಗಾಯಕ್ಕೆ ನೀರು ತಾಗದಂತೆ ಪಟ್ಟಿ ಹಾಕಿ, ಪಟ್ಟೆಯಿರುವ ಚಪ್ಪಲಿ ಧರಿಸಿಯೇ ನೀರಿಗಿಳಿಯಿರಿ. ಸೊಳ್ಳೆಪರದೆ ಮರೆಯಬಾರದು. ಹಾವು ಕಡಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಎರಡೂ ತಪ್ಪು. ಕಡಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು. ದಾರಿಯುದ್ದಕ್ಕೂ ಯಾವ ದಡದಲ್ಲಿ ಯಾವ ಆಸ್ಪತ್ರೆಯಿದೆಯೆಂಬುದನ್ನು ಬರೆದಿಟ್ಟುಕೊಂಡಿರಬೇಕು.

ಬಿಡಾರ ಹೂಡುವ ಜಾಗದ ವಿಷಯದಲ್ಲಿ ಆತುರ ಸಲ್ಲದು. ಪ್ರಕಾಶಂ ಬ್ಯಾರೇಜಿನಿಂದ ಸುಮಾರು 85 ಕಿಲೋಮೀಟರು ಮೇಲೆ ಪುಲಿಚಿಂತಲ ಅಣೆಕಟ್ಟೆಯಿದೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದ ರಾತ್ರಿಯಲ್ಲಿಯೂ ಹೊಳೆ ಏರುತ್ತದೆ. 2021ರ ಆಗಸ್ಟ್ 5ರಂದು ಅದರ 16ನೆಯ ಗೇಟು ಕೊಚ್ಚಿಹೋದುದನ್ನು ದೋಣಿಯವರು ಇನ್ನೂ ಹೇಳುತ್ತಾರೆ. ನೀರಿನಂಚಿನ ನುಣುಪು ಮರಳು ಎಷ್ಟೇ ಕರೆದರೂ ಆಳೆತ್ತರದ ಮೇಲಿನ ದಡದಲ್ಲಿಯೇ ಮಲಗಿರಿ.

ಲೈಫ್ ಜಾಕೆಟ್ಟನ್ನು ಗಂಟಿನ ಪಟ್ಟಿಯಲ್ಲಿ ನಾನು ಸೇರಿಸಿಲ್ಲ. ಅದು ಗಂಟಿನೊಳಗೆ ಇರತಕ್ಕದ್ದಲ್ಲ. 2017ರ ನವೆಂಬರ್ 12ರಂದು ಇದೇ ಕೃಷ್ಣೆಯಲ್ಲಿ, ಇಬ್ರಾಹಿಂಪಟ್ಟಣದ ಪವಿತ್ರ ಸಂಗಮದ ಬಳಿ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ, ಪಾಪಿಕೊಂಡಲು ನೋಡಹೊರಟ ದೋಣಿ ಕಚ್ಚುಲೂರಿನ ಬಳಿ ಮುಳುಗಿ ಸುಮಾರು ಐವತ್ತು ಜನರು ಹೋದರು. ಸೆಕೆಯೆಂದು ಗುಂಡಿ ಬಿಚ್ಚುವವರನ್ನೂ, ಫೋಟೋಕ್ಕೆ ಚೆನ್ನಾಗಿ ಕಾಣದೆಂದು ತೆಗೆದಿಡುವವರನ್ನೂ ಜೊತೆಗೆ ಕರೆದೊಯ್ಯಬೇಡಿರಿ. ಇದು ಕಟುವಾದ ಮಾತಾದರೂ ಹಿಂತೆಗೆದುಕೊಳ್ಳಲಾರೆ.

ನಾವು ಭವಾನಿ ದ್ವೀಪವನ್ನು ತಲಪಲಿಲ್ಲ. ಆ ಘಟನೆಯ ಮೇಲೆ ಯಾರಿಗೂ ಹಠವಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಮರಾವತಿಯ ಅಮರೇಶ್ವರ ದೇವಾಲಯದ ಕೆಳಗೆ ದೋಣಿ ಬಿಟ್ಟು ಬಸ್ಸು ಹತ್ತಿದೆವು. ಸಹೋದ್ಯೋಗಿಯ ಪತ್ನಿ ನನ್ನೊಡನೆ ಯುಗಾದಿಯವರೆಗೂ ಮಾತನಾಡಲಿಲ್ಲ. ಅದು ನ್ಯಾಯವೇ. 2024ರ ಸೆಪ್ಟೆಂಬರಿನಲ್ಲಿ ಪ್ರಕಾಶಂ ಬ್ಯಾರೇಜಿನ ಮೇಲೆ 11 ಲಕ್ಷ ಕ್ಯೂಸೆಕ್ಸಿಗೂ ಮಿಗಿಲಾದ ಪ್ರವಾಹ ಬಂದಾಗ, ನಮಗೆ ಬೆಲ್ಲ ಕೊಟ್ಟವನ ದೋಣಿ ಹಗ್ಗ ಕಿತ್ತುಕೊಂಡು ಹೋಯಿತು. ಹೊಸ ದೋಣಿಗೆಂದು ನಾವು ಆರು ಮಂದಿ ಕೂಡಿ ಒಂದಿಷ್ಟು ಹಣ ಕಳುಹಿಸಿದೆವು. ಮುಂದಿನ ಪ್ರಯಾಣಕ್ಕೆ ಅದರಲ್ಲಿ ಮೊದಲನೆಯ ಜಾಗವನ್ನು ಆ ಸಹೋದ್ಯೋಗಿಯೇ ಕಾದಿರಿಸಿದ್ದಾರೆ. ಈ ಬಾರಿ ಸಾಮಾನು ಕಟ್ಟುವವರು ಅವರ ಪತ್ನಿ.